ಇ-ರೀಡರ್ ಉಳಿಯುತ್ತದೆ, ಅದರೊಳಗಿನ ಪುಸ್ತಕ?

(ಇ-ಪುಸ್ತಕಗಳ ಮುಂದಿನ ದಾರಿ ಕುರಿತು ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇ-ರೀಡರ್‌ಗೆ ಮುಂದೆ ಕಾಲ ಇದೆಯಾ ಎಂಬ ಪ್ರಶ್ನೆ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇದೆ. ಓದುವುದಕ್ಕೆಂದೇ ಮಾಡಿದ ಆ ತೆಳು ಸಾಧನ ಸಾಯುವುದಿಲ್ಲ. ಫೋನಿನ ಹಾಗೆ ಎಲ್ಲರ ಜೇಬಿಗೂ ಬರುವುದಿಲ್ಲ, ಅಷ್ಟೆ. ಜಾಸ್ತಿ ಓದುವವರ ಕೈಯಲ್ಲಿ ಅದು ಇದ್ದೇ ಇರುತ್ತದೆ. ನನ್ನ ತಲೆಬಿಸಿ ಬೇರೆಯದೇ. ಅದರೊಳಗೆ ಕೂತಿರುವ ಪುಸ್ತಕ ಯಾರ ಸ್ವತ್ತು? ಇವತ್ತು ದುಡ್ಡು ಕೊಟ್ಟು ತೆಗೆದುಕೊಂಡದ್ದನ್ನು ಇಪ್ಪತ್ತು ವರ್ಷ ಬಿಟ್ಟು ತೆರೆಯಲು ಆಗುತ್ತದಾ?

ಮೊದಲು ಸಾಧನದ ವಿಷಯ ಮುಗಿಸೋಣ. ಇ-ರೀಡರ್ ಸತ್ತಿತು ಎಂಬ ಸುದ್ದಿ ಹಲವು ಸಲ ಬಂದು ಹೋಗಿದೆ. 2010ರಲ್ಲಿ ಐಪ್ಯಾಡ್ ಬಂದಾಗ ಇನ್ನು ಮುಗಿಯಿತು ಎಂದರು. 2014ರಲ್ಲಿ ಸೋನಿ ಕಂಪನಿ ಈ ವ್ಯಾಪಾರದಿಂದಲೇ ಕೈತೊಳೆದುಕೊಂಡಿತು. 2023ರ ಜೂನ್ ಕೊನೆಯಲ್ಲಿ ಅಮೆಜಾನ್ ಚೀನಾದಲ್ಲಿ ತನ್ನ ಇ-ರೀಡರ್ ಕಿಂಡಲ್‌ನ ಪುಸ್ತಕದಂಗಡಿ ಮುಚ್ಚಿತು. ಪ್ರತಿ ಸಲವೂ ಅದೇ ಮಾತು. ಆದರೆ 2024ರ ಏಪ್ರಿಲ್‌ನಲ್ಲಿ ಕೋಬೊ ಕಂಪನಿ ಬಣ್ಣದ ಇ-ರೀಡರ್ ತಂದಿತು, ಅದೇ ಅಕ್ಟೋಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್ ಸಾಲನ್ನೇ ಹೊಸದು ಮಾಡಿತು. ಸತ್ತ ವಸ್ತುವಿಗೆ ಯಾರೂ ಬಣ್ಣ ಹಚ್ಚುವುದಿಲ್ಲ.

ಸತ್ತಿತು ಎಂದವರ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ಒಂದೇ ಕೆಲಸ ಮಾಡುವ ಸಾಧನಗಳನ್ನೆಲ್ಲ ಫೋನ್ ನುಂಗಿ ನೀರು ಕುಡಿದಿದೆ. ಪುಟ್ಟ ಕ್ಯಾಮೆರಾ ಹೋಯಿತು. ಎಂಪಿ3 ಪ್ಲೇಯರ್ ಹೋಯಿತು. ದಾರಿ ತೋರಿಸುವ ಜಿಪಿಎಸ್ ಪೆಟ್ಟಿಗೆ ಹೋಯಿತು. ಇ-ರೀಡರ್ ಮಾತ್ರ ಯಾಕೆ ಉಳಿಯಿತು? ಕಾರಣ ಪರದೆ. ಫೋನಿನ ಪರದೆ ಎಷ್ಟೇ ಚೆನ್ನಾದರೂ ಇ-ರೀಡರ್ ಪರದೆಯ ಕೆಲಸ ಅದರಿಂದ ಆಗುವುದಿಲ್ಲ. ಎರಡೂ ಬೇರೆ ಬೇರೆ ಜಾತಿಯವು.

ಒಳಗೆ ಏನಿದೆ ನೋಡೋಣ. ಪರದೆಯ ತುಂಬ ಲಕ್ಷಾಂತರ ಪುಟ್ಟ ಗುಳಿಗೆಗಳಿವೆ. ಒಂದೊಂದೂ ಹೆಚ್ಚು ಕಡಿಮೆ ತಲೆಗೂದಲಿನ ದಪ್ಪ. ಗುಳಿಗೆಯೊಳಗೆ ತಿಳಿಯಾದ ದ್ರವ. ಆ ದ್ರವದಲ್ಲಿ ಬಿಳಿ ಕಣ, ಕಪ್ಪು ಕಣ ಎರಡೂ ತೇಲುತ್ತಿರುತ್ತವೆ. ಬಿಳಿಯದು ಟೈಟಾನಿಯಂ ಡೈಆಕ್ಸೈಡ್, ಗೋಡೆಗೆ ಬಳಿಯುವ ಬಣ್ಣದಲ್ಲೂ ಇರುವ ಪದಾರ್ಥವೇ. ಬಿಳಿಗೆ ಒಂದು ವಿದ್ಯುದಂಶ, ಕಪ್ಪಿಗೆ ಅದರ ವಿರುದ್ಧದ್ದು. ಕೆಳಗಿನಿಂದ ವಿದ್ಯುತ್ ಕೊಟ್ಟಾಗ ಒಂದು ಜಾತಿಯ ಕಣ ಮೇಲೆ ಬರುತ್ತದೆ, ಇನ್ನೊಂದು ತಳಕ್ಕೆ ಇಳಿಯುತ್ತದೆ. ಮೇಲೆ ಬಿಳಿ ಬಂದರೆ ಹಾಳೆ, ಕಪ್ಪು ಬಂದರೆ ಅಕ್ಷರ. ಭೂತಗನ್ನಡಿ ಹಿಡಿದು ನೋಡಿದರೆ ಅಕ್ಷರದ ಅಂಚು ನುಣುಪಾಗಿ ಕಾಣುವುದಿಲ್ಲ, ಸಣ್ಣಗೆ ತರಿತರಿಯಾಗಿರುತ್ತದೆ. ಮುದ್ರಿಸಿದ ಕಾಗದದಲ್ಲಿ ಶಾಯಿ ಹರಡಿದಾಗಲೂ ಹಾಗೇ ಕಾಣುತ್ತದೆ.

ಇದರಲ್ಲಿ ನಿಜವಾದ ಕರಾಮತ್ತು ಆಮೇಲಿನದು. ಕಣಗಳು ಒಮ್ಮೆ ಜಾಗಕ್ಕೆ ಹೋದ ಮೇಲೆ ಅಲ್ಲೇ ಕೂತಿರುತ್ತವೆ. ಅವನ್ನು ಹಿಡಿದಿಡಲು ಕರೆಂಟ್ ಬೇಕಿಲ್ಲ. ಪುಟ ತಿರುಗಿಸುವಾಗ ಮಾತ್ರ ಬೇಕು. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ, ಸಾಧನ ಮಲಗಿದ್ದಾಗಲೂ ಪರದೆಯ ಮೇಲೆ ಚಿತ್ರ ಇರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಣಗಳು ದ್ರವದಲ್ಲಿ ಈಜಿ ಹೋಗಬೇಕಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ. ಕೆಲವು ಕಣ ಹಿಂದೆ ಉಳಿದು ಹಳೆಯ ಪುಟದ ಮಸುಕು ನೆರಳು ಕಾಣಿಸುತ್ತದೆ. ಅದನ್ನು ಕೊಡವಲು ಪರದೆ ಆಗಾಗ ಒಮ್ಮೆ ಪೂರ್ತಿ ಕಪ್ಪಾಗಿ ಮಿನುಗುತ್ತದೆ. ಹೊಸದಾಗಿ ಕೊಂಡವರು ಹಾಳಾಯಿತೇನೋ ಎಂದು ಗಾಬರಿ ಬೀಳುವುದು ಇಲ್ಲೇ. ಹಾಳಾಗಿಲ್ಲ, ಅದರ ಸ್ವಭಾವವೇ ಹಾಗೆ.

ಕಣ್ಣಿಗೆ ಹಿತ ಎನ್ನುವುದಕ್ಕೂ ಇದೇ ಮೂಲ. ಫೋನಿನ ಪರದೆ ತಾನೇ ಬೆಳಕನ್ನು ನಿಮ್ಮ ಕಣ್ಣಿನತ್ತ ಚೆಲ್ಲುತ್ತದೆ. ಇ-ರೀಡರ್ ಕಾಗದದಂತೆ ಹೊರಗಿನ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅದಕ್ಕೇ ಬಿಸಿಲಲ್ಲಿ ಫೋನ್ ಮಂಕಾದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ರಾತ್ರಿಗೆಂದು ಕೊಟ್ಟಿರುವ ದೀಪವೂ ಹಿಂದಿನಿಂದ ಬರುವುದಿಲ್ಲ. ಅಂಚಿನಲ್ಲಿರುವ ಪುಟ್ಟ ಎಲ್ಇಡಿಗಳ ಬೆಳಕನ್ನು ತೆಳುವಾದ ಪದರವೊಂದು ಪರದೆಯ ಮೇಲೆ ಹರಡುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆ ಹೇಳಲೇಬೇಕು. 2014ರ ಕೊನೆಯಲ್ಲಿ ಅಮೆರಿಕದ ಸಂಶೋಧಕರ ಅಧ್ಯಯನವೊಂದು ಬಂತು. ಮಲಗುವ ಮುನ್ನ ಬೆಳಕು ಚೆಲ್ಲುವ ಪರದೆಯಲ್ಲಿ ಓದಿದವರಿಗೆ ನಿದ್ದೆ ಬರಲು ಹತ್ತು ನಿಮಿಷದಷ್ಟು ತಡವಾಯಿತು ಎಂದು ಅದು ಹೇಳಿತು. ಇ-ರೀಡರ್ ನಿದ್ದೆ ಕೆಡಿಸುತ್ತದೆ ಎಂದು ಎಷ್ಟೋ ಕಡೆ ತಲೆಬರಹ ಬಂತು. ಅವರು ಪರೀಕ್ಷೆಗೆ ಇಟ್ಟದ್ದು ಐಪ್ಯಾಡ್. ಅಧ್ಯಯನದಲ್ಲಿ ಇದ್ದದ್ದು 12 ಜನ. ತಲೆಬರಹ ಓದಿ ನಿಂತವರಿಗೆ ಇವೆರಡೂ ಗೊತ್ತಾಗಲಿಲ್ಲ.

ಈಗ ಸ್ವಲ್ಪ ವಿಚಿತ್ರ ಎನಿಸುವ ಸಂಗತಿ. ಹೊರಗೆ ಯಾವ ಹೆಸರೇ ಇರಲಿ, ಇವತ್ತಿನ ಬಹುಪಾಲು ಇ-ರೀಡರ್‌ಗಳ ಒಳಗಿರುವುದು ಒಂದೇ ಕಂಪನಿಯ ಪದರ. 1997ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಿಂದ ಹೊರಬಂದ ಇ-ಇಂಕ್ ಕಂಪನಿ ಅದು. 2009ರಲ್ಲಿ ತೈವಾನ್‌ನ ಸಂಸ್ಥೆಯೊಂದು ಅದನ್ನು ಕೊಂಡುಕೊಂಡಿತು. ಒಂದೇ ಕಂಪನಿಯನ್ನು ನಂಬಿ ಇಡೀ ಲೋಕದ ಇ-ರೀಡರ್ ನಿಂತಿದೆ ಎಂದರೆ ಭಯ ಆಗಬೇಕು, ಅಲ್ವಾ? ಆಗದಿರಲು ಕಾರಣ ಅಂಗಡಿಗಳ ಬೆಲೆಚೀಟಿ. ಸೂಪರ್‌ಮಾರ್ಕೆಟ್ ಕಪಾಟಿನ ಅಂಚಿನಲ್ಲಿ ಬೆಲೆ ತೋರಿಸುವ ಪುಟ್ಟ ಪರದೆಗಳಿಗೂ ಇದೇ ತಂತ್ರ ಬೇಕು. ಕರೆಂಟ್ ತಿನ್ನುವುದಿಲ್ಲ, ಕೂತಲ್ಲಿಂದಲೇ ಬೆಲೆ ಬದಲಿಸಬಹುದು. ವಾಲ್‌ಮಾರ್ಟ್ ಒಂದೇ 2026ರ ಹೊತ್ತಿಗೆ 2,300 ಅಂಗಡಿಗಳಿಗೆ ಇಂಥ ಡಿಜಿಟಲ್ ಚೀಟಿ ಹಾಕುವುದಾಗಿ 2024ರಲ್ಲಿ ಹೇಳಿತು. ಓದುವವರು ಎಷ್ಟು ಜನ ಇದ್ದಾರೋ ಬಿಡಿ, ಸೋಪಿನ ಬೆಲೆ ಎಲ್ಲ ಕಡೆ ತೋರಿಸಲೇಬೇಕು. ಆ ಬೇಡಿಕೆ ಇರುವ ತನಕ ಕಾರ್ಖಾನೆ ಓಡುತ್ತದೆ, ಸಂಶೋಧನೆಗೆ ಹಣ ಬರುತ್ತದೆ. ಓದುಗರು ಅದರ ನೆರಳಲ್ಲಿ ಬದುಕಿಕೊಳ್ಳಬಹುದು.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈಗ ಚಾಲ್ತಿಯಲ್ಲಿರುವ ಕೆಲೈಡೊ ತಂತ್ರದಲ್ಲಿ ಕಪ್ಪು-ಬಿಳುಪು ಪರದೆಯ ಮೇಲೆ ಬಣ್ಣದ ಜರಡಿ ಕೂರಿಸಿದ್ದಾರೆ. ಕಪ್ಪಕ್ಷರ ಅಂಗುಲಕ್ಕೆ 300 ಚುಕ್ಕೆಯಲ್ಲಿ ಕಂಡರೆ ಬಣ್ಣ 150ರಲ್ಲಿ ಕಾಣುತ್ತದೆ. ಜರಡಿ ಬೆಳಕನ್ನು ತಿನ್ನುವುದರಿಂದ ಬಿಳಿ ಭಾಗ ಸ್ವಲ್ಪ ಕಂದುತ್ತದೆ. ಕಾಮಿಕ್ಸ್, ನಕ್ಷೆ, ಪಠ್ಯಪುಸ್ತಕ ಓದುವವರಿಗೆ ಇದು ಬೇಕು. ಕಾದಂಬರಿ ಓದುವವರಿಗೆ ಕಪ್ಪು-ಬಿಳುಪೇ ಈಗಲೂ ಒಳ್ಳೆಯದು, ಇದು ನನ್ನ ಅಭಿಪ್ರಾಯ. ಪೆನ್ನು ಹಿಡಿದು ಬರೆಯುವ ದೊಡ್ಡ ಇ-ರೀಡರ್‌ಗಳೂ ಬಂದಿವೆ. ನಾರ್ವೆಯ ರಿಮಾರ್ಕಬಲ್ ಕಂಪನಿ 2017ರಲ್ಲಿ ಇಂಥದ್ದೊಂದನ್ನು ತಂದಿತು, ಬೇರೆಯವರೂ ತಂದಿದ್ದಾರೆ. ಅವು ಪುಸ್ತಕಕ್ಕಿಂತ ಆಫೀಸಿನ ನೋಟ್‌ಬುಕ್ ಜಾಗವನ್ನು ಹಿಡಿಯುತ್ತಿವೆ.

ಇನ್ನು ಒಳಗಿನ ಪುಸ್ತಕಕ್ಕೆ ಬರೋಣ. ಇ-ಇಂಕ್ ಪರದೆ ಹಾಕಿ ಜನರಿಗೆ ಮಾರಿದ ಮೊದಲ ಇ-ರೀಡರ್ ಕಿಂಡಲ್ ಎಂದು ತುಂಬ ಜನ ತಿಳಿದಿದ್ದಾರೆ. ಅಲ್ಲ. ಅದು 2004ರಲ್ಲಿ ಜಪಾನಿನಲ್ಲಿ ಬಂದ ಸೋನಿಯ ಲಿಬ್ರಿಯೆ. ಪರದೆ ಚೆನ್ನಾಗಿತ್ತು, ಹಗುರವಾಗಿತ್ತು. ಆದರೆ ಅದಕ್ಕೆ ದುಡ್ಡು ಕೊಟ್ಟು ಇಳಿಸಿಕೊಂಡ ಪುಸ್ತಕ 60 ದಿನಕ್ಕೆ ಮುಚ್ಚಿಕೊಳ್ಳುತ್ತಿತ್ತು. ಎರಡು ತಿಂಗಳಲ್ಲಿ ಓದಿ ಮುಗಿಸಿದರೆ ಸರಿ, ಇಲ್ಲದಿದ್ದರೆ ಇಲ್ಲ. ಅಂಥ ಸಾಧನವನ್ನು ಯಾರು ಕೊಳ್ಳುತ್ತಾರೆ? ಲಿಬ್ರಿಯೆ ಮೇಲೇಳಲಿಲ್ಲ. ಈ ವ್ಯಾಪಾರ ಶುರುವಾದ ದಿನದಿಂದಲೂ ಕಷ್ಟ ಪರದೆಯಲ್ಲಿ ಇರಲಿಲ್ಲ, ಕರಾರಿನಲ್ಲಿ ಇತ್ತು.

ಕಿಂಡಲ್ ಬಂದದ್ದು 2007ರ ನವೆಂಬರ್ 19ಕ್ಕೆ. ಬೆಲೆ 399 ಡಾಲರ್. ಐದೂವರೆ ಗಂಟೆಯಲ್ಲಿ ಇದ್ದಬದ್ದದ್ದೆಲ್ಲ ಖಾಲಿಯಾಯಿತು. ಪರದೆ ಸೋನಿಯದಕ್ಕಿಂತ ದೊಡ್ಡ ಮಟ್ಟದಲ್ಲಿ ಚೆನ್ನಾಗಿತ್ತು ಎಂದಲ್ಲ. ಕಂಪ್ಯೂಟರಿಗೆ ತಂತಿ ಸಿಕ್ಕಿಸದೆ, ಕೂತಲ್ಲೇ ಒಂದು ನಿಮಿಷದಲ್ಲಿ ಪುಸ್ತಕ ಇಳಿಸಿಕೊಳ್ಳಬಹುದಿತ್ತು. ಆ ಸಂಪರ್ಕಕ್ಕೆ ತಿಂಗಳ ಬಿಲ್ಲೂ ಇರಲಿಲ್ಲ. ಅಮೆಜಾನ್ ಮಾರಿದ್ದು ಸಾಧನವನ್ನಲ್ಲ, ಅಂಗಡಿಯನ್ನು. 2011ರ ಹೊತ್ತಿಗೆ ಕಿಂಡಲ್ ಬೆಲೆ 79 ಡಾಲರಿಗೆ ಇಳಿದಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ತನ್ನ ಅಮೆರಿಕದ ತಾಣದಲ್ಲಿ 100 ಕಾಗದದ ಪುಸ್ತಕ ಮಾರಿದರೆ 105 ಕಿಂಡಲ್ ಪುಸ್ತಕ ಹೋಗುತ್ತಿದೆ ಎಂದು ಅಮೆಜಾನ್ ಹೇಳಿತು. ಕಾಗದದ ಕಾಲ ಮುಗಿಯಿತು ಎಂದು ಆಗ ಬರೆದವರೇ, ಕೆಲವು ವರ್ಷ ಕಳೆದು ಇ-ಪುಸ್ತಕದ ಕಾಲ ಮುಗಿಯಿತು ಎಂದೂ ಬರೆದರು. ಎರಡೂ ಆಗಲಿಲ್ಲ. ಇ-ಪುಸ್ತಕದ ಮಾರಾಟ ಒಂದು ಮಟ್ಟಕ್ಕೆ ಬಂದು ನಿಂತಿತು.

ಈ ಮಟ್ಟ ಎಲ್ಲ ದೇಶದಲ್ಲೂ ಒಂದೇ ಅಲ್ಲ ಎನ್ನುವುದು ಮುಖ್ಯ. ಜಪಾನಿನಲ್ಲಿ ಡಿಜಿಟಲ್ ಪುಸ್ತಕದ ವಹಿವಾಟು ತುಂಬ ದೊಡ್ಡದು. ಆದರೆ ಅದರಲ್ಲಿ ನೂರಕ್ಕೆ ಸುಮಾರು 90ರಷ್ಟು ಪಾಲು ಮಾಂಗಾ ಕಾಮಿಕ್ಸ್‌ನದು, ಹೆಚ್ಚಿನವರು ಓದುವುದು ಫೋನಿನಲ್ಲಿ. ಚೀನಾದಲ್ಲಿ ಕಾದಂಬರಿ ಅಧ್ಯಾಯ ಅಧ್ಯಾಯವಾಗಿ ಫೋನಿಗೆ ಬರುತ್ತದೆ. ಮೊದಲ ಕೆಲವು ಅಧ್ಯಾಯ ಪುಕ್ಕಟೆ, ಆಮೇಲೆ ಸಾವಿರ ಅಕ್ಷರಕ್ಕೆ ಇಷ್ಟು ಎಂದು ಲೆಕ್ಕ. ಹೀಗೆ ಬರೆದ ಕಾದಂಬರಿಗಳು ಲಕ್ಷಾಂತರ ಅಕ್ಷರ ದಾಟಿ ಬೆಳೆಯುತ್ತಲೇ ಹೋಗುತ್ತವೆ. ಅಕ್ಷರಕ್ಕೆ ದುಡ್ಡು ಎಂದ ಮೇಲೆ ಯಾರು ಬೇಗ ಮುಗಿಸುತ್ತಾರೆ ಹೇಳಿ! ಈ ಬಗೆಯ ಓದಿಗೆ ಕಿಂಡಲ್ ಹೊಂದಿಕೊಳ್ಳಲಿಲ್ಲ. ಅಲ್ಲಿ ಅದು ಅಂಗಡಿ ಮುಚ್ಚಿದ್ದನ್ನು ಇ-ರೀಡರಿನ ಸೋಲು ಎಂದು ನೋಡುವ ಬದಲು, ಓದುವ ರೂಢಿ ಬೇರೆ ಎಂದು ನೋಡಬೇಕು.

ಜರ್ಮನಿಯ ಕಥೆ ನನಗೆ ಇನ್ನೂ ಇಷ್ಟ. 2013ರಲ್ಲಿ ಅಲ್ಲಿನ ದೊಡ್ಡ ಪುಸ್ತಕದಂಗಡಿಗಳು, ಒಬ್ಬರಿಗೊಬ್ಬರು ಪೈಪೋಟಿಯವರೇ, ಫೋನ್ ಕಂಪನಿ ಡಾಯ್ಚ ಟೆಲಿಕಾಮ್ ಜೊತೆ ಕೈಜೋಡಿಸಿ ಟೊಲಿನೊ ಎಂಬ ಇ-ರೀಡರ್ ತಂದವು. ಒಂದು ಅಂಗಡಿಯಲ್ಲಿ ಸಾಧನ ಕೊಂಡು ಇನ್ನೊಂದರಲ್ಲಿ ಪುಸ್ತಕ ಕೊಳ್ಳಬಹುದು. ಅಮೆಜಾನ್‌ಗೆ ಅಲ್ಲಿ ಗಟ್ಟಿ ಎದುರಾಳಿ ಸಿಕ್ಕಿತು. ಘಾನಾದಲ್ಲಿ ಇನ್ನೊಂದು ಬಗೆ. ವರ್ಲ್ಡ್‌ರೀಡರ್ ಎಂಬ ಸಂಸ್ಥೆ 2010ರಿಂದ ಶಾಲಾ ಮಕ್ಕಳಿಗೆ ಕಿಂಡಲ್ ಕೊಡತೊಡಗಿತು. ಪುಸ್ತಕವೇ ಸಿಗದ ಕಡೆ ಒಂದು ಸಾಧನದಲ್ಲಿ ನೂರಾರು ಪುಸ್ತಕ. ಮಕ್ಕಳು ಓದಿದರು. ಆದರೆ ಪರದೆಗಳು ಒಡೆಯತೊಡಗಿದವು. ಇ-ಇಂಕ್ ಪದರದ ಹಿಂದೆ ತೆಳುವಾದ ಗಾಜು ಇರುತ್ತದೆ, ಬ್ಯಾಗಿನಲ್ಲಿ ಒತ್ತಿದರೆ ಸಾಕು. ಆಮೇಲೆ ಆ ಸಂಸ್ಥೆ ಜನರ ಕೈಯಲ್ಲಿ ಆಗಲೇ ಇದ್ದ ಫೋನಿನ ಕಡೆ ಹೊರಳಿತು. ಮುಂದಿನ ದಿನಗಳಲ್ಲೂ ಲೋಕದ ಬಹುಪಾಲು ಇ-ಓದು ಫೋನಿನಲ್ಲೇ ನಡೆಯುತ್ತದೆ ಎಂದು ನನ್ನ ಅಂದಾಜು. ಇ-ರೀಡರ್ ಗಂಟೆಗಟ್ಟಲೆ ಓದುವವರದು.

ಇ-ಪುಸ್ತಕ ಎಂದರೆ ಏನು ಎಂದು ಒಮ್ಮೆ ಬಿಚ್ಚಿಯೇ ನೋಡಿ. ಇಪಬ್ ಎನ್ನುವುದು ಇ-ಪುಸ್ತಕಗಳ ಸಾಮಾನ್ಯ ಫೈಲ್ ರೂಪ. ನಕಲು ತಡೆಯುವ ಬೀಗ ಇಲ್ಲದ ಅಂಥ ಒಂದು ಫೈಲ್ ತೆಗೆದುಕೊಳ್ಳಿ. ಹೆಸರಿನ ಕೊನೆಯಲ್ಲಿರುವ ಇಪಬ್ ಅಳಿಸಿ ಜಿಪ್ ಎಂದು ಬರೆಯಿರಿ. ಸಾಮಾನ್ಯ ಜಿಪ್ ಕಡತದ ಹಾಗೆ ತೆರೆದುಕೊಳ್ಳುತ್ತದೆ. ಒಳಗೆ ಮೊದಲು ಒಂದೇ ಸಾಲಿನ ಪುಟ್ಟ ಫೈಲ್, ನಾನು ಇಪಬ್ ಎಂದು ಹೇಳಿಕೊಳ್ಳುವುದಷ್ಟೇ ಅದರ ಕೆಲಸ. ಆಮೇಲೆ ಒಂದು ಪಟ್ಟಿ: ಪುಸ್ತಕದ ಹೆಸರು, ಬರೆದವರು, ಯಾವ ಅಧ್ಯಾಯದ ನಂತರ ಯಾವುದು. ಉಳಿದದ್ದು ವೆಬ್ ಪುಟಗಳು. ಹೌದು, ಒಂದೊಂದು ಅಧ್ಯಾಯವೂ ಒಂದು ವೆಬ್ ಪುಟ. ಜೊತೆಗೆ ಅಕ್ಷರದ ಗಾತ್ರ, ಅಂಚು ಹೇಳುವ ಸ್ಟೈಲ್ ಫೈಲ್, ಚಿತ್ರಗಳು, ಬೇಕಾದರೆ ಫಾಂಟ್. ಅಷ್ಟೇ. ಬ್ರೌಸರ್ ಇರುವ ಯಾವ ಕಂಪ್ಯೂಟರಿನಲ್ಲಾದರೂ ಅಧ್ಯಾಯ ತೆರೆದು ಓದಬಹುದು.

ಇಪಬ್ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. 2007ರಲ್ಲಿ ರೂಪುಗೊಂಡಿತು, 2017ರಿಂದ ವೆಬ್‌ನ ನಿಯಮಗಳನ್ನು ನೋಡಿಕೊಳ್ಳುವ ಡಬ್ಲ್ಯು3ಸಿ ಇದನ್ನೂ ನೋಡಿಕೊಳ್ಳುತ್ತಿದೆ. ಬರಹ ಪರದೆಗೆ ತಕ್ಕಂತೆ ಹರಿಯುತ್ತದೆ. ಜಪಾನಿಯಂತೆ ಮೇಲಿನಿಂದ ಕೆಳಕ್ಕೆ, ಅರೇಬಿಕ್‌ನಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗೂ ಅದರಲ್ಲಿ ಜಾಗ ಇದೆ. ಒತ್ತಕ್ಷರ ಇರುವ ಲಿಪಿಗಳಿಗೆ ಮಾತ್ರ ಸಾಧನ ತಯಾರಿಸುವವರು ಮನಸ್ಸು ಮಾಡಬೇಕು. ಒಳಗಿನ ತಂತ್ರಾಂಶಕ್ಕೆ ಅಕ್ಷರ ಜೋಡಿಸಲು ಬರದಿದ್ದರೆ ಒತ್ತುಗಳು ಕಳಚಿ ಪಕ್ಕದಲ್ಲಿ ಬೀಳುತ್ತವೆ. ಅಂಥ ಭಾಷೆಗಳು ಇ-ರೀಡರ್‌ನಲ್ಲಿ ಹಿಂದೆ ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಇಷ್ಟು ಸರಳ ವಸ್ತುವನ್ನು ಅಂಗಡಿಯವರು ಬೀಗ ಹಾಕಿ ಮಾರುತ್ತಾರೆ. ಡಿಆರ್‌ಎಂ ಎನ್ನುವುದು ಅದನ್ನೇ. ನಕಲು ಮಾಡಿ ಹಂಚಬಾರದು ಎನ್ನುವುದು ಅವರ ವಾದ, ಅದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಬರಹಗಾರರಿಗೆ ಹೊಟ್ಟೆಪಾಡು ಇದೆ. ಆದರೆ ಬೀಗ ಕದಿಯುವವನನ್ನು ತಡೆಯುವುದಕ್ಕಿಂತ, ಕೊಂಡವನನ್ನು ಒಂದೇ ಅಂಗಡಿಗೆ ಕಟ್ಟಿಹಾಕುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಹತ್ತು ವರ್ಷ ಒಂದು ಕಡೆ ಪುಸ್ತಕ ಕೊಂಡವರು ಇನ್ನೊಂದು ಕಂಪನಿಯ ಸಾಧನಕ್ಕೆ ಹೋಗಲು ಹಿಂದೆಮುಂದೆ ನೋಡುತ್ತಾರೆ. ಟಾರ್ ಎಂಬ ಪ್ರಕಾಶನ 2012ರಲ್ಲೇ ತನ್ನ ಇ-ಪುಸ್ತಕಗಳ ಬೀಗ ತೆಗೆದುಹಾಕಿತು. ವೈಜ್ಞಾನಿಕ ಕಥೆಗಳ ದೊಡ್ಡ ಪ್ರಕಾಶನ ಅದು. ಮುಳುಗಲಿಲ್ಲ, ಇವತ್ತಿಗೂ ನಡೆಯುತ್ತಿದೆ.

ಬೀಗದ ಕೀ ಯಾರ ಕೈಯಲ್ಲಿದೆ ಎನ್ನುವುದು 2009ರ ಜುಲೈನಲ್ಲಿ ಎಲ್ಲರಿಗೂ ಗೊತ್ತಾಯಿತು. ಹಕ್ಕು ಇಲ್ಲದವರು ಕಿಂಡಲ್ ಅಂಗಡಿಯಲ್ಲಿ ಒಂದು ಕಾದಂಬರಿ ಮಾರಿದ್ದರು. ತಪ್ಪು ಗೊತ್ತಾದಾಗ ಅಮೆಜಾನ್ ಅದನ್ನು ಅಂಗಡಿಯಿಂದ ತೆಗೆದು ಸುಮ್ಮನಾಗಲಿಲ್ಲ. ಕೊಂಡವರ ಸಾಧನಗಳೊಳಗೂ ಕೈಹಾಕಿ ಅಳಿಸಿತು. ದುಡ್ಡು ವಾಪಸ್ ಕೊಟ್ಟಿತು. ಅಳಿಸಿದ್ದು ಯಾವ ಪುಸ್ತಕ ಗೊತ್ತಾ? ಜಾರ್ಜ್ ಆರ್ವೆಲ್‌ರ '1984'. ಸರ್ಕಾರವೇ ಹಳೆಯ ಬರಹಗಳನ್ನು ಅಳಿಸಿಹಾಕುವ ಕಥೆ ಅದು. ಯಾರಾದರೂ ಕಟ್ಟುಕಥೆ ಬರೆದಿದ್ದರೆ ಇದು ಅತಿಯಾಯಿತು ಎನ್ನುತ್ತಿದ್ದಿರಿ. ಶಾಲೆಯ ಕೆಲಸಕ್ಕೆಂದು ಓದುತ್ತಿದ್ದ ಹುಡುಗನೊಬ್ಬ ಕೋರ್ಟಿಗೆ ಹೋದ. ಪುಸ್ತಕದ ಜೊತೆ ಅವನು ಬರೆದುಕೊಂಡಿದ್ದ ಟಿಪ್ಪಣಿಗಳೂ ಕೆಲಸಕ್ಕೆ ಬಾರದಂತಾಗಿದ್ದವು. ಆಗ ಅಮೆಜಾನ್ ಮುಖ್ಯಸ್ಥರಾಗಿದ್ದ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು.

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿತು. ಬೀಗ ತೆರೆಯುವ ಸರ್ವರ್ ನಿಂತ ಮೇಲೆ ಕೊಂಡ ಪುಸ್ತಕವೂ ತೆರೆಯುವುದಿಲ್ಲ. ಪೂರ್ತಿ ದುಡ್ಡು ವಾಪಸ್ ಬಂತು, ಅದು ಒಳ್ಳೆಯ ನಡೆ. ಪುಟಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಇನ್ನೂ 25 ಡಾಲರ್ ಜಾಸ್ತಿ ಕೊಟ್ಟರು. ಅಂಚಿನಲ್ಲಿ ಬರೆದುಕೊಂಡ ಯೋಚನೆಗಳಿಗೆ ಯಾರೋ ಕೂತು ಒಂದು ದರ ಕಟ್ಟಿದರಲ್ಲ ಎಂದು ನನಗೆ ಆಗಾಗ ಅನಿಸುತ್ತದೆ. 2025ರ ಫೆಬ್ರುವರಿ 26ರಿಂದ ಅಮೆಜಾನ್ ತನ್ನ ತಾಣದಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ಸಾಗಿಸುವ ಸೌಲಭ್ಯ ತೆಗೆದುಹಾಕಿತು. ಬಳಸುತ್ತಿದ್ದವರು ಕಡಿಮೆ ಇರಬಹುದು. ಆದರೆ ತಮ್ಮ ಕಪಾಟಿನಲ್ಲೂ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದವರು ಅವರೇ.

ಕಾನೂನಿನ ಕಣ್ಣಲ್ಲಿ ಇದೆಲ್ಲ ಸರಿಯೇ. ಮನೆ ಕೊಂಡೆವು ಎಂದುಕೊಂಡಿದ್ದೇವೆ, ಕೈಯಲ್ಲಿರುವುದು ಬಾಡಿಗೆ ಕರಾರು. ಯುರೋಪಿನ ಉನ್ನತ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ, ಓದಿದ ಇ-ಪುಸ್ತಕವನ್ನು ಸೆಕೆಂಡ್ ಹ್ಯಾಂಡ್ ಮಾರುವಂತಿಲ್ಲ ಎಂದಿತು. ಕಾಗದದ ಪುಸ್ತಕಕ್ಕೆ ಇರುವ ಮರುಮಾರಾಟದ ಸ್ವಾತಂತ್ರ್ಯ ಇದಕ್ಕಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಮಾತ್ರ ಒಂದು ಪ್ರಾಮಾಣಿಕ ಹೆಜ್ಜೆ ಇಟ್ಟಿದೆ. 2025ರ ಜನವರಿ 1ರಿಂದ ಅಲ್ಲಿ ಡಿಜಿಟಲ್ ಸರಕಿಗೆ 'ಕೊಳ್ಳಿ' ಎಂಬ ಗುಂಡಿ ಇಡಬೇಕಾದರೆ, ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಹಕ್ಕು ಕೊಡಲಿಲ್ಲ ನಿಜ, ಕೊನೆಗೆ ಇರುವುದನ್ನಾದರೂ ಹೇಳಿಸಿತು.

ಲೈಬ್ರರಿಗಳ ಕಷ್ಟ ಇದಕ್ಕಿಂತ ಹೆಚ್ಚು. ಕಾಗದದ ಪುಸ್ತಕವನ್ನು ಲೈಬ್ರರಿ ಒಮ್ಮೆ ಕೊಂಡರೆ ಹರಿಯುವ ತನಕ ಕೊಡಬಹುದು. ಹರಿದರೆ ಬೈಂಡ್ ಮಾಡಿಸಿ ಮತ್ತೆ ಕೊಡಬಹುದು. ಇ-ಪುಸ್ತಕ ಹರಿಯುವುದಿಲ್ಲ. ಅದಕ್ಕೇ ಪ್ರಕಾಶಕರು ಅದನ್ನು ಕರಾರಿನ ಕಾಗದದಲ್ಲಿ ಹರಿಸಿದರು. 2011ರಲ್ಲಿ ಹಾರ್ಪರ್‌ಕಾಲಿನ್ಸ್, ಒಂದು ಇ-ಪುಸ್ತಕವನ್ನು 26 ಸಲ ಕೊಟ್ಟ ಮೇಲೆ ಮತ್ತೆ ಕೊಳ್ಳಬೇಕು ಎಂದಿತು. ಈಗ ಎರಡು ವರ್ಷಕ್ಕೆ ಪರವಾನಗಿ ಮುಗಿಯುವ ಪದ್ಧತಿ ಜಾಸ್ತಿ ಇದೆ. ಬೆಲೆಯೂ ಸಾಮಾನ್ಯ ಓದುಗ ಕೊಡುವುದರ ಮೂರು-ನಾಲ್ಕು ಪಟ್ಟು ಇರುವುದುಂಟು. ಹೀಗಿದ್ದೂ ಜನ ಬರುತ್ತಿದ್ದಾರೆ. ಲಿಬ್ಬಿ ಆ್ಯಪ್ ನಡೆಸುವ ಓವರ್‌ಡ್ರೈವ್ ಮೂಲಕ 2023ರಲ್ಲಿ ಲೋಕದ ಲೈಬ್ರರಿಗಳಿಂದ 66 ಕೋಟಿಗೂ ಹೆಚ್ಚು ಸಲ ಇ-ಪುಸ್ತಕ, ಆಡಿಯೋ ಪುಸ್ತಕ, ಪತ್ರಿಕೆಗಳು ಎರವಲು ಹೋದವು. ಓದುವ ಹಸಿವು ಇಲ್ಲ ಎನ್ನುವವರಿಗೆ ಈ ಅಂಕಿ ತೋರಿಸಬೇಕು.

ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಲೈಬ್ರರಿ ಬೇರೆ ದಾರಿ ಹಿಡಿದಿತ್ತು. ಕಾಗದದ ಪುಸ್ತಕ ಸ್ಕ್ಯಾನ್ ಮಾಡಿ, ಒಂದು ಪ್ರತಿಗೆ ಒಬ್ಬರಂತೆ ಎರವಲು ಕೊಡುತ್ತಿತ್ತು. 2020ರ ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಆ ಮಿತಿಯನ್ನೂ ತಾತ್ಕಾಲಿಕವಾಗಿ ಸಡಿಲಿಸಿತು. ನಾಲ್ಕು ದೊಡ್ಡ ಪ್ರಕಾಶಕರು ಮೊಕದ್ದಮೆ ಹೂಡಿದರು. 2023ರಲ್ಲಿ, ಆಮೇಲೆ 2024ರ ಸೆಪ್ಟೆಂಬರ್‌ನ ಮೇಲ್ಮನವಿಯಲ್ಲಿ, ಎರಡು ಕಡೆಯೂ ಪ್ರಕಾಶಕರೇ ಗೆದ್ದರು. ಐದು ಲಕ್ಷದಷ್ಟು ಪುಸ್ತಕಗಳನ್ನು ಎರವಲಿನಿಂದ ತೆಗೆಯಬೇಕಾಯಿತು. ಸಾಂಕ್ರಾಮಿಕದ ಸಡಿಲಿಕೆ ಅವಸರದ ಹೆಜ್ಜೆ ಎಂದೇ ನನ್ನ ಅನಿಸಿಕೆ. ಆದರೆ ಆ ಐದು ಲಕ್ಷದಲ್ಲಿ ಬೇರೆಲ್ಲೂ ಡಿಜಿಟಲ್ ಆಗಿ ಸಿಗದ ಹಳೆಯ ಪುಸ್ತಕಗಳೂ ಇದ್ದವು, ಅವುಗಳಿಗೆ ಈಗ ದಾರಿ ಇಲ್ಲ.

ದಾರಿ ಮಾಡಬಹುದು ಎಂದು ನಾರ್ವೆ ತೋರಿಸಿದೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2006ರಲ್ಲಿ ತನ್ನ ಸಂಗ್ರಹವನ್ನೆಲ್ಲ ಸ್ಕ್ಯಾನ್ ಮಾಡಲು ಕೂತಿತು. ಲೇಖಕರು, ಪ್ರಕಾಶಕರ ಪರವಾಗಿ ಹಣ ಪಡೆಯುವ ಕೋಪಿನೋರ್ ಎಂಬ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. 20ನೇ ಶತಮಾನದ ನಾರ್ವೇಜಿಯನ್ ಪುಸ್ತಕಗಳನ್ನು, ಹಕ್ಕು ಮುಗಿಯದವನ್ನೂ, ಆ ದೇಶದೊಳಗಿನವರು ಮನೆಯಲ್ಲೇ ಕೂತು ಓದಬಹುದು. ದುಡ್ಡು ಸರ್ಕಾರದ್ದು. ಸಣ್ಣ ದೇಶ, ಶ್ರೀಮಂತ ದೇಶ, ಒಪ್ಪೋಣ. ಆದರೂ ಬರಹಗಾರರಿಗೆ ದುಡ್ಡು, ಓದುಗರಿಗೆ ಪುಸ್ತಕ, ಎರಡನ್ನೂ ಒಂದೇ ಒಪ್ಪಂದದಲ್ಲಿ ತರಬಹುದು ಎಂದಾಯಿತಲ್ಲ.

ಇ-ಪುಸ್ತಕದ ದೊಡ್ಡ ಉಪಕಾರ ಎಲ್ಲಕ್ಕಿಂತ ಹೆಚ್ಚು ಯಾರಿಗೆ ಆಯಿತು ಎಂದು ಕೇಳಿದರೆ, ಕಣ್ಣು ಕಾಣದವರಿಗೆ ಮತ್ತು ಸಣ್ಣಕ್ಷರ ಓದಲಾಗದವರಿಗೆ. ಅಕ್ಷರ ದೊಡ್ಡದು ಮಾಡಬಹುದು, ಯಂತ್ರದಿಂದ ಓದಿಸಿ ಕೇಳಬಹುದು, ಬ್ರೈಲ್ ಪಟ್ಟಿಗೆ ಜೋಡಿಸಿ ಬೆರಳಲ್ಲಿ ಓದಬಹುದು. ಮುದ್ರಿತ ಪುಸ್ತಕ ಯಾವತ್ತೂ ಕೊಡಲಾಗದ್ದು ಇದು. ಇಲ್ಲೂ ಅಡ್ಡಗಾಲು ಬಂತು. 2009ರಲ್ಲಿ ಎರಡನೇ ಕಿಂಡಲ್ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ ಎಂದಾಗ ಅಮೆರಿಕದ ಲೇಖಕರ ಸಂಘ ತಕರಾರು ತೆಗೆಯಿತು, ಆಡಿಯೋ ಪುಸ್ತಕದ ಹಕ್ಕು ಬೇರೆ ಎಂದು. ಕೊನೆಗೆ ಆ ಧ್ವನಿಯನ್ನು ಬಂದ್ ಮಾಡುವ ಗುಂಡಿಯನ್ನು ಅಮೆಜಾನ್ ಪ್ರಕಾಶಕರ ಕೈಗೆ ಕೊಟ್ಟಿತು. ಆಮೇಲೆ ಗಾಳಿ ಬದಲಾಯಿತು. 2013ರ ಮರಾಕೇಶ್ ಒಪ್ಪಂದ, ಕಣ್ಣು ಕಾಣದವರಿಗೆ ಓದಲು ಬರುವಂಥ ಪ್ರತಿ ಮಾಡಿ ದೇಶದಿಂದ ದೇಶಕ್ಕೆ ಕಳಿಸಲು ದಾರಿ ತೆರೆಯಿತು. ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2025ರ ಜೂನ್ 28ರಿಂದ ಯುರೋಪಿನಲ್ಲಿ ಇ-ಪುಸ್ತಕ, ಇ-ರೀಡರ್ ಎರಡೂ ಎಲ್ಲರಿಗೂ ಬಳಸಲು ಬರುವಂತೆ ಇರಬೇಕು ಎಂಬ ಕಾನೂನು ಜಾರಿಯಾಗಿದೆ. ಅಲ್ಲಿ ಮಾರಬೇಕೆಂದರೆ ಚಿತ್ರಕ್ಕೆ ವಿವರಣೆ, ಶೀರ್ಷಿಕೆಗೆ ಗುರುತು, ಓದುವ ಕ್ರಮ ಎಲ್ಲ ಫೈಲಿನಲ್ಲೇ ಇರಬೇಕು. ಮುಂದಿನ ಕೆಲವು ವರ್ಷ ಇ-ಪುಸ್ತಕದ ಗುಣ ಹೆಚ್ಚಿಸುವುದು ಯಾವ ಹೊಸ ಸಾಧನವೂ ಅಲ್ಲ, ಈ ಕಾನೂನು ಎಂದು ನನಗನಿಸುತ್ತದೆ.

ಎಐ ಯಂತ್ರ ಬರೆದ ಪುಸ್ತಕಗಳ ವಿಷಯ ಒಂದೆರಡು ಮಾತಲ್ಲಿ ಮುಗಿಸುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಸ್ವಯಂಪ್ರಕಾಶನಕ್ಕೆ ಒಂದು ಮಿತಿ ಹಾಕಿತು. ಒಬ್ಬರು ದಿನಕ್ಕೆ ಮೂರು ಹೊಸ ಪುಸ್ತಕಕ್ಕಿಂತ ಹೆಚ್ಚು ಹಾಕುವಂತಿಲ್ಲ. ದಿನಕ್ಕೆ ಮೂರು ಪುಸ್ತಕ ಎನ್ನುವುದು ಮಿತಿ! ಇನ್ನು ಮುಂದೆ ಓದುಗರಿಗೆ ಪುಸ್ತಕ ಸಿಗುವುದು ಕಷ್ಟವಾಗುವುದಿಲ್ಲ, ರಾಶಿಯಲ್ಲಿ ಒಳ್ಳೆಯದನ್ನು ಹುಡುಕುವುದು ಕಷ್ಟವಾಗುತ್ತದೆ. ಆಯ್ದು ಕೊಡುವ ಪ್ರಕಾಶಕರಿಗೆ, ಗ್ರಂಥಪಾಲಕರಿಗೆ ಮತ್ತೆ ಬೆಲೆ ಬರುತ್ತದೆ.

ಮಾತು ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಬಂದವು. ಮಕ್ಕಳ ಓದಿಗೆ ಪರದೆ ಒಳ್ಳೆಯದಾ, ಕಾಗದವಾ ಎಂದು ಶಿಕ್ಷಕಿಯೊಬ್ಬರು ಕೇಳಿದರು. 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 54 ಅಧ್ಯಯನಗಳನ್ನು, 1,70,000ಕ್ಕೂ ಹೆಚ್ಚು ಓದುಗರನ್ನು ಒಟ್ಟಿಗೆ ನೋಡಿತು. ಮಾಹಿತಿ ತುಂಬಿದ ಬರಹವನ್ನು, ಅದರಲ್ಲೂ ಸಮಯದ ಒತ್ತಡದಲ್ಲಿ ಓದುವಾಗ, ಕಾಗದದಲ್ಲಿ ಓದಿದವರಿಗೆ ಜಾಸ್ತಿ ಅರ್ಥವಾಯಿತು. ಬರೀ ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪಾಠ ಕಾಗದದಲ್ಲಿ, ಕಥೆ ಎಲ್ಲಾದರೂ ಸರಿ ಎಂದೆ.

ಇನ್ನೊಬ್ಬರು, ಇದೆಲ್ಲ ಕೇಳಿದ ಮೇಲೂ ಒಂದು ಇ-ರೀಡರ್ ಕೊಳ್ಳಬೇಕು ಅನಿಸಿದರೆ ಏನು ನೋಡಬೇಕು ಎಂದರು. ಪರದೆ, ನೆನಪಿನ ಸಾಮರ್ಥ್ಯ ಇವುಗಳಲ್ಲಿ ಈಗ ಅಂಥ ಅಂತರ ಉಳಿದಿಲ್ಲ. ಮೊದಲು, ಬೇರೆ ಕಡೆಯಿಂದ ತಂದ ಇಪಬ್ ಫೈಲ್ ನೇರವಾಗಿ ಹಾಕಿ ಓದಲು ಬರುತ್ತದಾ ನೋಡಿ. ನಿಮ್ಮ ಭಾಷೆಯ ಒಂದು ಪುಟ ತೆರೆದು ಅಕ್ಷರ ಸರಿಯಾಗಿ ಕೂತಿದೆಯಾ ನೋಡಿ. ಬೀಗ ಇಲ್ಲದ ಪುಸ್ತಕ ಸಿಕ್ಕರೆ ಅದನ್ನೇ ಕೊಳ್ಳಿ, ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲೂ ಇರಲಿ. ಬ್ಯಾಟರಿ ಬದಲಿಸಲು ಬರುತ್ತದಾ ಎಂದೂ ಕೇಳಿ. ಕೋಬೊ 2024ರ ಬಣ್ಣದ ಮಾದರಿಗಳಿಗೆ ರಿಪೇರಿಗೆ ನೆರವಾಗುವ ಐಫಿಕ್ಸಿಟ್ ಸಂಸ್ಥೆಯ ಜೊತೆ ಸೇರಿ ಬಿಡಿಭಾಗ, ರಿಪೇರಿ ಕೈಪಿಡಿ ಒದಗಿಸುವುದಾಗಿ ಹೇಳಿದೆ. 2027ರ ಫೆಬ್ರುವರಿಯಿಂದ ಯುರೋಪಿನಲ್ಲಿ ಬಳಕೆದಾರರೇ ಬ್ಯಾಟರಿ ತೆಗೆದು ಹಾಕುವಂತಿರಬೇಕು ಎಂಬ ನಿಯಮ ಬರುತ್ತದೆ, ಕೆಲವು ವಿನಾಯಿತಿಗಳೂ ಇವೆ. ಅವಸರ ಇಲ್ಲದಿದ್ದರೆ ಅಲ್ಲಿಯವರೆಗೆ ಕಾಯಬಹುದು ಎಂದೆ. ಅವಸರ ಇದೆ, ಪ್ರಯಾಣಕ್ಕೆ ಬೇಕು ಎಂದರು. ಹಾಗಿದ್ದರೆ ಗಟ್ಟಿ ಕವರ್ ಒಂದನ್ನು ಮರೆಯದೆ ತೆಗೆದುಕೊಳ್ಳಿ, ಒಳಗೆ ಗಾಜಿದೆ ಎಂದು ಹೇಳಿ ಕಳಿಸಿದೆ.